ಉಳಿಯುವುದು, ಮರಳುವುದು, ಹೊಸದಾಗುವುದು

ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನಲ್ಲಿ ಹತ್ತಿಮತ್ತೂರೆಂಬ ಊರುಂಟು. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ, ಎಂದರೆ ಎಂಟನೆಯ ಶತಮಾನದ, ಕನ್ನಡ ಶಾಸನವೊಂದು ಅಲ್ಲಿ ದೊರೆತಿದೆ. ಆ ಕಲ್ಲಿನ ಕನ್ನಡವನ್ನು ಇಂದು ಅಲ್ಲಿಯ ಒಕ್ಕಲಿಗನಿಗೆ ಓದಿ ಹೇಳಿದರೆ ಅವನಿಗೆ ಬಹುಭಾಗ ತಿಳಿಯಲಾರದು. ಆದರೂ ಅವನಾಡುವುದು ಕನ್ನಡವೇ. ಹಾಗಾದರೆ ಆ ಭಾಷೆ ಅಲ್ಲಿ ಉಳಿದಿತೆನ್ನೋಣವೆ, ಹೋಗಿ ಮರಳಿತೆನ್ನೋಣವೆ, ಅಥವಾ ಹೊಸದಾಯಿತೆನ್ನೋಣವೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಇಂಗ್ಲಿಷಿನ ‘ರಿಮೇನ್’, ‘ರಿಟರ್ನ್’, ‘ರಿನ್ಯೂ’ ಎಂಬ ಮೂರು ಮಾತುಗಳ ಅರ್ಥವನ್ನು ಸ್ವಲ್ಪ ವಿಚಾರಿಸುವೆವು.

ಈ ಮೂರಕ್ಕೂ ಮೊದಲಲ್ಲಿರುವ ‘ರಿ’ ಎಂಬುದು ಲ್ಯಾಟಿನ್ನಿನಿಂದ ಬಂದ ಉಪಸರ್ಗ. ಅದಕ್ಕೆ ‘ಹಿಂದಕ್ಕೆ’ ಎಂದೂ ‘ಇನ್ನೊಮ್ಮೆ’ ಎಂದೂ ಎರಡರ್ಥ. ಇಂತಹ ಪದವನ್ನು ಕಂಡೊಡನೆ ನಮ್ಮ ಲೇಖಕರ ಕೈ ‘ಪುನಃ’ ಎಂಬ ಶಬ್ದದ ಕಡೆಗೆ ತಾನಾಗಿ ಹೋಗುತ್ತದೆ. ಪುನರಾಗಮನ, ಪುನರುಜ್ಜೀವನಗಳು ಸರಿಯೆ. ಆದರೆ ‘ಪುನರ್ನವೀಕರಣ’ವೆಂದೂ ಬರೆಯುವವರುಂಟು. ನವೀಕರಣವೆಂದಾಗಲೇ ಹೊಸದು ಮಾಡಿದ್ದಾಯಿತು. ಅದರ ಮೇಲೆ ಪುನಃ ಏಕೆ? 1824ರಲ್ಲಿ ವಿಲಿಯಂ ರೀವನ ನಿಘಂಟು ಹೊರಟಂದಿನಿಂದ, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾದ 1946ರ ಈಚೆಗೂ, ಸಮಾನಾರ್ಥಕಗಳ ಪಟ್ಟಿಗೆ ನಮ್ಮಲ್ಲಿ ಕೊರತೆಯಿಲ್ಲ. ಆರಿಸಿಕೊಳ್ಳುವ ವಿವೇಕವನ್ನು ಮಾತ್ರ ನಿಘಂಟು ಕೊಡಲಾರದು.

‘ರಿಮೇನ್’ ಎಂಬುದರ ಒಳಗಿರುವ ಲ್ಯಾಟಿನ್ ಧಾತುವಿಗೆ ತಂಗು, ನೆಲೆಸು ಎಂದರ್ಥ. ‘ಮ್ಯಾನ್ಷನ್’, ‘ಪರ್ಮನೆಂಟ್’ ಎಂಬವೂ ಅದರ ಸಂತತಿಯೇ. ನಮ್ಮ ‘ಉಳಿ’ ಇದಕ್ಕಿಂತ ವಿಶಾಲವಾದುದು. ಊರಿನಲ್ಲೇ ಉಳಿದನು, ಪಾತ್ರೆಯಲ್ಲಿ ಅನ್ನ ಉಳಿಯಿತು, ಕೈಯಲ್ಲಿ ಹಣ ಉಳಿಯಿತು, ಜ್ವರ ಬಿಟ್ಟು ಮಗು ಉಳಿಯಿತು: ಈ ನಾಲ್ಕಕ್ಕೆ ಇಂಗ್ಲಿಷಿನವನು ಬೇರೆ ಬೇರೆ ಮಾತುಗಳನ್ನು ಹುಡುಕಬೇಕಾದೀತು. ಇನ್ನೊಂದು ಭೇದವೂ ಸ್ವಾರಸ್ಯವಾಗಿದೆ. ಇಂಗ್ಲಿಷಿನಲ್ಲಿ ‘ರಿಮೇನ್ಸ್’ ಎಂದು ನಾಮಪದ ಮಾಡಿದರೆ ಹಾಳುಗೋಡೆಯೋ ಶವವೋ ನೆನಪಿಗೆ ಬರುತ್ತದೆ. ಕನ್ನಡದಲ್ಲಿ ‘ಮಗು ಉಳಿಯಿತು’ ಎಂದರೆ ಮನೆಗೆ ಮನೆಯೇ ನಿಟ್ಟುಸಿರು ಬಿಡುತ್ತದೆ. ಉಳಿಯುವುದೆಂದರೆ ನಮ್ಮಲ್ಲಿ ಬದುಕುವುದು.

‘ರಿಟರ್ನ್’ ಎಂಬುದರ ಮೂಲದಲ್ಲಿರುವುದು ಮರವನ್ನು ತಿರುಗಣಿಗೆ ಹಿಡಿದು ಕಡೆಯುವ ಕ್ರಿಯೆ. ನಮ್ಮ ‘ತಿರುಗು’ ಎಂಬುದರಲ್ಲಿಯೂ ಅದೇ ಸುತ್ತುವ ಚಿತ್ರವಿದೆ. ‘ತಿರುಗಿ ಬಾ’ ಎಂದರೆ ಹಿಂದಕ್ಕೆ ಬಾ. ‘ತಿರುಗಿ ಹೇಳು’ ಎಂದರೆ ಇನ್ನೊಮ್ಮೆ ಹೇಳು. ಲ್ಯಾಟಿನ್ನಿನ ‘ರಿ’ ಹೊತ್ತ ಎರಡರ್ಥಗಳನ್ನೂ ನಮ್ಮ ಈ ಒಂದು ಮಾತು, ಯಾರಿಂದಲೂ ಸಾಲ ತಾರದೆ, ಹೊತ್ತಿದೆ. ಮನೆಯಿಂದ ಹೊರಡುವಾಗ ನಾವು ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವವರು. ಹೋಗುವ ಮೊದಲೇ ಮರಳುವ ಮಾತು ಕೊಟ್ಟು ಹೋಗುವವರು. ಆದರೆ ಮರಳಬೇಕಾದರೆ ಮೊದಲು ಹೋಗಿರಬೇಕು. ಇದನ್ನು ನೆನಪಿನಲ್ಲಿಡುವುದು ಅಗತ್ಯ.

‘ರಿನ್ಯೂ’ ಎಂಬುದು ಸಂಕರಪದ. ಲ್ಯಾಟಿನ್ನಿನ ಉಪಸರ್ಗವನ್ನು ಇಟ್ಟುಕೊಂಡು, ಉಳಿದ ಭಾಗಕ್ಕೆ ಇಂಗ್ಲಿಷರು ತಮ್ಮ ಮನೆಯ ‘ನ್ಯೂ’ ಶಬ್ದವನ್ನೇ ಸೇರಿಸಿದರು. ನಮ್ಮಲ್ಲಿ ಈ ಕೆಲಸಕ್ಕೆ ‘ಮರು’ ಎಂಬುದಿದೆ. ‘ರಿ’ ಹಿಂದಕ್ಕೆ ನೋಡುತ್ತದೆ, ‘ಮರು’ ಮುಂದಕ್ಕೆ ನೋಡುತ್ತದೆ. ಮರುದಿನವೆಂದರೆ ಕಳೆದ ದಿನವಲ್ಲ, ಬರುವ ದಿನ. ಕಬ್ಬನ್ನು ಕಡಿದ ಮೇಲೆ ನೆಲದಲ್ಲಿ ಉಳಿದ ಬುಡದಿಂದ ಚಿಗುರುವ ಬೆಳೆಯನ್ನು ನಮ್ಮ ರೈತನು ‘ಕೂಳೆ’ ಎನ್ನುತ್ತಾನೆ. ಇಂಗ್ಲಿಷಿನವರು ಇದಕ್ಕೆ ‘ರಟೂನ್’ ಎಂಬ ಮಾತನ್ನು ಸ್ಪೇನಿನವರಿಂದ ಪಡೆದರು. ಅದರಲ್ಲಿಯೂ ‘ರಿ’ ಅಡಗಿದೆ. ಬುಡ ಉಳಿಯಿತು, ಹಸುರು ಮರಳಿತು, ಬೆಳೆ ಹೊಸದಾಯಿತು. ಮೂರು ಕ್ರಿಯೆಗಳೂ ಒಂದೇ ಹೊಲದಲ್ಲಿ ನಡೆದವು. ಆದರೆ ಕರ್ತೃಪದ ಮೂರಕ್ಕೂ ಬೇರೆ.

ಈಗ ಹತ್ತಿಮತ್ತೂರಿಗೆ ತಿರುಗೋಣ. ಹೆಸರಿನ ಮೊದಲಲ್ಲಿ ಕಿವಿಗೆ ಬೀಳುವ ‘ಹತ್ತಿ’ಯನ್ನೇ ನೋಡಿರಿ. ಅರಳೆಯ ಗಿಡಕ್ಕೆ ಹಳಗನ್ನಡದಲ್ಲಿ ಪರ್ತಿ, ಪತ್ತಿ ಎಂಬ ರೂಪಗಳಿದ್ದವು. ಪಾಲು ಹಾಲಾದಂತೆ, ಪೂ ಹೂವಾದಂತೆ, ಪತ್ತಿ ಹತ್ತಿಯಾಯಿತು. ಪದ ಉಳಿಯಿತು, ಅಕ್ಷರ ಹೊಸದಾಯಿತು. ಊರು 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆ ವರ್ಷ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯ ಕರ್ನಾಟಕವೆನಿಸಿತು. 1997ರಲ್ಲಿ ಧಾರವಾಡವನ್ನು ಬಿಟ್ಟು ಹಾವೇರಿ ಜಿಲ್ಲೆಯಾಯಿತು. ಊರು ಎಲ್ಲಿಗೂ ಹೋಗಲಿಲ್ಲ. ಅದರ ಸುತ್ತಲಿನ ಹೆಸರುಗಳು ಹೊಸವಾದವು.

ಭಾಷೆಯ ವಿಷಯವೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಧಾರವಾಡ ಪ್ರಾಂತದ ಶಾಲೆ ಕಚೇರಿಗಳಲ್ಲಿ ಮರಾಠಿ ಪ್ರಬಲವಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪಿತವಾಯಿತು. ಇದನ್ನೆಲ್ಲ ಕನ್ನಡದ ಪುನರುಜ್ಜೀವನವೆಂದು ಬರೆಯುವುದು ವಾಡಿಕೆ. ಆ ಮಹನೀಯರಿಗೆ ನಾವು ಸಲ್ಲಿಸಬೇಕಾದ ಕೃತಜ್ಞತೆ ಅಲ್ಪವಲ್ಲ. ಆದರೆ ಪುನರುಜ್ಜೀವನವೆಂದರೆ ಸತ್ತುದನ್ನು ಬದುಕಿಸುವುದು. ಕನ್ನಡ ಸತ್ತಿತ್ತೆ? ಹೊಲದಲ್ಲಿ ಎತ್ತನ್ನು ಕೂಗುವಾಗ, ಬೀಸುವ ಕಲ್ಲಿನ ಮುಂದೆ ಕುಳಿತಾಗ, ತೊಟ್ಟಿಲು ತೂಗುವಾಗ ಆ ಜನ ಯಾವ ಭಾಷೆಯನ್ನಾಡಿದರು? ಕನ್ನಡವು ಮನೆಯಲ್ಲಿ ಉಳಿದಿತ್ತು, ಶಾಲೆಗೆ ಮರಳಿತು, ಗ್ರಂಥಗಳಲ್ಲಿ ಹೊಸದಾಯಿತು.

ಈ ಮೂರನ್ನು ಒಂದೇ ‘ಪುನಃ’ದಲ್ಲಿ ಕಟ್ಟಿದರೆ, ಮರಳಿ ತಂದವರಿಗೂ ಹೊಸದು ಮಾಡಿದವರಿಗೂ ಕೀರ್ತಿ ಸಲ್ಲುತ್ತದೆ, ಉಳಿಸಿದವರು, ಅಕ್ಷರವರಿಯದ ಆ ಅಸಂಖ್ಯ ತಾಯಂದಿರು, ಮರೆತುಹೋಗುತ್ತಾರೆ. ಪದವನ್ನು ತೂಗಿ ಬಳಸುವುದು ಪಂಡಿತರ ವಿನೋದವೆಂದು ಕೆಲವರು ತಿಳಿಯಬಹುದು. ನಮಗಾದರೋ ಅದು ಸಲ್ಲಬೇಕಾದವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ಕ್ರಮವೆಂದು ತೋರುತ್ತದೆ. ಬುಡವಿಲ್ಲದೆ ಕೂಳೆಯಿಲ್ಲ.