ನದಿ ಬಿಟ್ಟ ನೆಲದ ನಕ್ಷೆ

(ದೆಹಲಿಯ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ತಿಂದವರು ಈ ಸಭೆಯಲ್ಲಿ ಹಲವರಿರಬಹುದು. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅಂಥ ನಾಡಿನಿಂದ ಬಂದ ನಾವು ದೆಹಲಿಯಲ್ಲಿ ಮನೆ ಮಾಡಿದ್ದೇವೆ. ಇಲ್ಲಿಯ ಕಲ್ಲುಗುಡ್ಡದ ಸಾಲೊಂದನ್ನು ಬಿಟ್ಟರೆ ನಮ್ಮ ಕಾಲ ಕೆಳಗಿರುವುದು ಬಹುಮಟ್ಟಿಗೆ ಯಮುನೆ ತಂದು ಹಾಸಿದ ಮಣ್ಣು. ಭೂವಿಜ್ಞಾನಿಗಳ ಲೆಕ್ಕದಲ್ಲಿ ಇದು ತೀರ ಎಳೆಯದು.

1851ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಹುಟ್ಟಿದಾಗ ಮುಖ್ಯ ಗುರಿ ಕಲ್ಲಿದ್ದಲು. ಅದನ್ನು ಹುಡುಕುವವರಿಗೆ ಮೇಲಿನ ಮಣ್ಣು ಬರಿಯ ಮುಚ್ಚಳವಾಗಿತ್ತು. ಆದರೆ ಜನರು ಬಾಳುವುದು ಆ ಮುಚ್ಚಳದ ಮೇಲೆಯೇ ಅಲ್ಲವೆ? ಈ ಬಯಲಿನ ರೈತರು ಮಣ್ಣಿನ ಭೇದವನ್ನು ಬಹಳ ಹಿಂದಿನಿಂದಲೂ ಬಲ್ಲರು. ನೆರೆ ಮುಟ್ಟದ ಎತ್ತರದ ಹಳೆಯ ಮೆಕ್ಕಲು ಅವರಿಗೆ ‘ಬಾಂಗರ್’. ನೆರೆ ಬಂದಾಗ ಹೊಸ ಹೂಳು ಕೂರುವ ತಗ್ಗು ‘ಖಾದರ್’. ಬಾಂಗರಿನಲ್ಲಿ ಸುಣ್ಣದ ಗಂಟುಗಳು ದೊರೆಯುತ್ತವೆ.

ನಕ್ಷೆ ಬರೆಯುವವರು ಮೊದಲು ವಿಮಾನದಿಂದಲೂ ಉಪಗ್ರಹದಿಂದಲೂ ತೆಗೆದ ಚಿತ್ರಗಳನ್ನು ನೋಡುತ್ತಾರೆ. ನದಿ ತೊರೆದ ಹಳೆಯ ಪಾತ್ರ ಅಲ್ಲಿ ಬಾಗಿದ ಗೆರೆಯಾಗಿ ಕಾಣುತ್ತದೆ. ಅನಂತರ ಕಾಲ್ನಡೆಯಾಗಿ ಹೋಗಿ ಹೊಳೆಯ ದಂಡೆ, ಬಾವಿಯ ಒಳಮೈ, ರಸ್ತೆಗೆಂದು ಕಡಿದ ಬದಿ ಇವನ್ನು ಪರೀಕ್ಷಿಸುತ್ತಾರೆ. ನದಿ ಉರುಳಿಸಿದ ಕಲ್ಲು ನುಣುಪಾಗಿ ಗುಂಡಗಿರುತ್ತದೆ. ಹಿಮನದಿ ತಳ್ಳಿ ತಂದದ್ದರಲ್ಲಿ ದೊಡ್ಡ ಬಂಡೆಯೂ ಹಿಟ್ಟಿನಂಥ ಮಣ್ಣೂ ಕಲೆತುಹೋಗಿರುತ್ತವೆ. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡು ಎಷ್ಟು ಕಾಲವಾಯಿತೆಂಬುದನ್ನೂ ಪ್ರಯೋಗಶಾಲೆಯಲ್ಲಿ ಅಳೆಯಬಹುದು.

ಇಷ್ಟು ಶ್ರಮ ಏತಕ್ಕೆ? ಮೊದಲು ಬೆಟ್ಟದ ಮಾತು. ಕೇದಾರನಾಥದ ಮೇಲುಗಡೆ ಚೋರಾಬಾರಿ ಹಿಮನದಿ ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬ ಒಂದು ಸರೋವರಕ್ಕೆ ಏರಿಯಾಗಿತ್ತು. 2013ರ ಜೂನ್ 17ರ ಬೆಳಿಗ್ಗೆ, ಭಾರಿ ಮಳೆಯ ಬಳಿಕ, ಆ ಏರಿ ಒಡೆದು ಊರಿನ ಮೇಲೆ ಬಂತು. ಊರು ನಿಂತಿದ್ದುದೂ ಹಿಮನದಿಯ ನೀರು ಹಿಂದೆ ತಂದು ಹರಡಿದ ಕಲ್ಲುಮಣ್ಣಿನ ಮೇಲೆಯೇ.

ಇನ್ನು ಬಯಲಿನ ಮಾತು. 2008ರ ಆಗಸ್ಟ್ 18ರಂದು ಕೋಸಿ ನದಿ ನೇಪಾಳದ ಕುಸಹಾ ಬಳಿ ಒಡ್ಡು ಒಡೆದು ಬಿಹಾರಕ್ಕೆ ನುಗ್ಗಿತು. ಅದು ಹಿಡಿದ ದಾರಿ ಹೊಸದಲ್ಲ. ತಾನು ಹಿಂದೊಮ್ಮೆ ಹರಿದು ತೊರೆದ ಪಾತ್ರ. ನಮ್ಮ ಕಣ್ಣೆದುರಿಗೇ, 2023ರ ಜುಲೈ 13ರಂದು, ಯಮುನೆ ಇಲ್ಲಿ 208.66 ಮೀಟರ್ ಮಟ್ಟಕ್ಕೆ ಏರಿ 1978ರ 207.49 ಮೀಟರಿನ ದಾಖಲೆಯನ್ನು ಮೀರಿತು. ಖಾದರಿನ ಗುಡಿಸಲುಗಳು ಮುಳುಗಿದವು. ಅಲ್ಲಿದ್ದವರಲ್ಲಿ ಅನೇಕರು ಬೇರೆಡೆ ನೆಲ ಕೊಳ್ಳಲಾರದ ಬಡವರು.

ನಕ್ಷೆ ನೆರೆಯನ್ನು ತಡೆಯದು, ನಿಜ. ಆದರೆ ಶಾಲೆ, ಆಸ್ಪತ್ರೆ, ವಸತಿ ಇವನ್ನು ಎಲ್ಲಿ ಕಟ್ಟಬಾರದೆಂದು ಅದು ಮೊದಲೇ ಹೇಳಬಲ್ಲದು. ನಿವೇಶನ ಕೊಳ್ಳುವಾಗ ಕಾಗದಪತ್ರಗಳನ್ನು ನೂರು ಸಲ ನೋಡುವ ನಾವು ಆ ಮಣ್ಣು ಯಾವ ಕಾಲದ್ದು, ಯಾರು ತಂದದ್ದು ಎಂದು ಒಂದು ಸಲವಾದರೂ ಕೇಳಬೇಡವೆ? ಬಡವರಿಗೆ ನೆಲ ಹಂಚುವವರನ್ನೂ ಈ ಪ್ರಶ್ನೆ ಕೇಳಬೇಕು.

1956ರ ನವೆಂಬರ್ 1ರಂದು ನಮ್ಮ ನಾಡಿನ ನಕ್ಷೆ ಒಂದುಗೂಡಿತೆಂದು ನಾವು ಈ ಹಬ್ಬವನ್ನು ಆಚರಿಸುತ್ತಿದ್ದೇವೆ. ನಮಗೆ ಆಶ್ರಯವಿತ್ತ ಈ ಊರಿನ ನೆಲದ ನಕ್ಷೆಯನ್ನೂ ಓದಲು ಕಲಿಯೋಣ.