ನೊಣ ಹಿಡಿಯುವ ಗಿಡದ ಎಲೆ ಕಪ್ಪಾದಾಗ



ಕಿಟಕಿಯ ಕಟ್ಟೆಯ ಮೇಲೆ ಒಂದೇ ಕುಂಡಕ್ಕೆ ಜಾಗವಿರುವ ಬಾಡಿಗೆ ಕೋಣೆಗಳಲ್ಲಿ ನಮ್ಮಲ್ಲಿ ಅನೇಕರು ವಾಸಿಸುತ್ತೇವೆ. ಆ ಜಾಗದಲ್ಲಿ ಕೆಲವರು ಸಂಬಳದಲ್ಲಿ ಉಳಿಸಿದ ದುಡ್ಡಿನಿಂದ ವೀನಸ್ ಫ್ಲೈಟ್ರ್ಯಾಪ್ ತಂದಿಟ್ಟಿದ್ದಾರೆ. ಎಲೆ ಕಪ್ಪಾಯಿತೆಂದು ಅದನ್ನು ಕಸಕ್ಕೆ ಹಾಕುವ ಮುನ್ನ ನಾಲ್ಕು ಮಾತು ಕೇಳಬೇಕು. ಎಷ್ಟೋ ವೇಳೆ ಗಿಡ ಸತ್ತಿರುವುದಿಲ್ಲ.

ಇಂಥ ಗಿಡವನ್ನು ನೋಡಲು ಅಮೆರಿಕಕ್ಕೇ ಹೋಗಬೇಕಾಗಿಲ್ಲ. ಸಾತಾರದ ಮೇಲಣ ಕಾಸ್ ಪ್ರಸ್ಥಭೂಮಿ 2012ರಲ್ಲಿ ಪಶ್ಚಿಮ ಘಟ್ಟದ ಭಾಗವಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಳೆಗಾಲದ ಕೊನೆಗೆ ಅಲ್ಲಿ ನೇರಳೆ ಬಣ್ಣದ ಯುಟ್ರಿಕ್ಯುಲೇರಿಯ ಅರಳುತ್ತದೆ. ಮರಾಠಿಯಲ್ಲಿ ಅದು ‘ಸೀತೇಚಿ ಆಸವೇ’, ಎಂದರೆ ಸೀತೆಯ ಕಣ್ಣೀರು. ಹೆಸರು ಕೋಮಲ, ಊಟ ಮಾತ್ರ ಸಣ್ಣ ಜೀವಿಗಳು! ಜಂಬಿಟ್ಟಿಗೆಯ ಬಡ ಮಣ್ಣಿನಲ್ಲಿ ಸಿಗದ ಸಾರವನ್ನು ಅದು ಹೀಗೆ ಪಡೆಯುತ್ತದೆ. ಇಂಥ ಗಿಡಗಳ ಬೇರಿಗೆ ಉಪ್ಪಾಗಲಿ ಗೊಬ್ಬರವಾಗಲಿ ಒಗ್ಗದು.

ಆದುದರಿಂದ ಮೊದಲು ನೀರನ್ನು ಶಂಕಿಸಬೇಕು. ಎಲ್ಲ ಎಲೆಗಳ ಅಂಚೂ ಸುಟ್ಟಂತಾಗಿ, ಕುಂಡದ ಬಾಯಿಗೆ ಬಿಳಿಯ ಪದರ ಕಟ್ಟಿದ್ದರೆ ಬೋರ್ ನೀರು ಅಥವಾ ಗೊಬ್ಬರವೇ ಕಾರಣವಿರಬಹುದು. ಮಳೆನೀರನ್ನು ಹಿಡಿದಿಟ್ಟು ಹಾಕಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಹೊರಗಿನ ಒಂದೆರಡು ಬೋನು ಮಾತ್ರ ಕಪ್ಪಾಗಿ, ನಡುವೆ ಹೊಸ ಚಿಗುರು ಹಸಿರಾಗಿದ್ದರೆ ಅದು ರೋಗವಲ್ಲ. ಪ್ರತಿ ಬೋನೂ ಕೆಲವೇ ಸಲ ಮುಚ್ಚಿ ತೆರೆದು ಮುಗಿಯುತ್ತದೆ. ಮಕ್ಕಳು ಪೆನ್ಸಿಲಿನಿಂದ ಕೆಣಕಿದರೆ ಆಯುಷ್ಯ ಇನ್ನೂ ಕಡಿಮೆ. ಮಾಂಸದ ಚೂರು ತಿನ್ನಿಸುವುದಂತೂ ಬೇಡ, ಬೋನು ಕೊಳೆಯುತ್ತದೆ. ಹೊಸ ಎಲೆಗಳೇ ಸೊಟ್ಟಗಾಗಿದ್ದರೆ ಚಿಗುರಿನ ಬುಡದಲ್ಲಿ ಹೇನು ಇದೆಯೇ ಎಂದು ಭೂತಗನ್ನಡಿಯಿಂದ ನೋಡಿರಿ.

ಮೇಘಾಲಯದ ಹೂಜಿ ಗಿಡ ನೆಪೆಂಥಿಸ್ ಖಾಸಿಯಾನದ ಕಷ್ಟವೇ ಬೇರೆ. ಎಲೆ ಹಸಿರಾಗಿಯೇ ಇದ್ದು, ತುದಿಯ ಹೂಜಿ ಒಣಗಿದರೆ ಅಥವಾ ಮೂಡದೇ ಹೋದರೆ, ಗಾಳಿ ಒಣಗಿದೆ ಇಲ್ಲವೆ ಬೆಳಕು ಸಾಲದು ಎಂದು ತಿಳಿಯಬೇಕು. ಮಾರ್ಚಿನಿಂದ ಮೇವರೆಗಿನ ನಮ್ಮ ಬೇಸಿಗೆ ಅದಕ್ಕೆ ಕಠಿನ. ಫ್ಲೈಟ್ರ್ಯಾಪಿನಂತೆ ಇದನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಬಾರದು. ಕಾಡಿನಲ್ಲಿ ಅಪಾಯದ ಅಂಚಿನಲ್ಲಿರುವ ಗಿಡವಿದು; ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಬೇಕು.

ಚಳಿಗಾಲದಲ್ಲಿ ಫ್ಲೈಟ್ರ್ಯಾಪಿನ ಎಲೆಗಳು ಬಹುಪಾಲು ಬಾಡಬಹುದು. ಅದು ವಿಶ್ರಾಂತಿ. ಸಂದೇಹವಿದ್ದರೆ ಮಣ್ಣನ್ನು ಮೆಲ್ಲಗೆ ಸರಿಸಿ ಗೆಡ್ಡೆಯನ್ನು ಮುಟ್ಟಿ ನೋಡಿರಿ. ಬೆಳ್ಳಗೆ, ಗಟ್ಟಿಯಾಗಿದ್ದರೆ ಮತ್ತೆ ಮುಚ್ಚಿರಿ. ಮೆತ್ತಗಾಗಿ ನಾರುತ್ತಿದ್ದರೆ ಮಾತ್ರ ಆಸೆ ಬಿಡಿರಿ.