ಎದುರಾಳಿಯ ಜಾಗದಲ್ಲಿ ಕೂತು

ಗಸ್ತಿಗೆ ಬಂದ ಅಧಿಕಾರಿ ಪರವೂರಿನ ಹಿರಿಯನೊಬ್ಬನ ಮನೆಯಲ್ಲಿ ಕೂತಿದ್ದಾನೆ. ಕುಶಲ ವಿಚಾರಿಸದೆ ಕೆಲಸದ ಮಾತಿಗಿಳಿದರೆ ಹಿರಿಯನ ನಂಬಿಕೆ ಕುಸಿಯುತ್ತದೆ, ಮಾತುಕತೆ ಮುರಿದು ಬೀಳುತ್ತದೆ. ಅಮೆರಿಕದ ಸೈನ್ಯಕ್ಕಾಗಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಸ್ಥೆಯೊಂದು ರೂಪಿಸಿದ 'ಬೈಲ್ಯಾಟ್' ಎಂಬ ಕಂಪ್ಯೂಟರ್ ಆಟ ಇದು. 1999ರಲ್ಲಿ ಆ ಸಂಸ್ಥೆ ಹುಟ್ಟಿದ್ದೇ ಸೈನ್ಯದ ಹಣದಿಂದ. ಎದುರಿಗಿರುವವನಿಗೆ ಏನು ಬೇಕು, ಯಾರ ಭಯವಿದೆ ಎಂದು ಮೊದಲೇ ವಿಚಾರಿಸಿಕೊಳ್ಳದವನು ಈ ಆಟದಲ್ಲಿ ಸೋಲುತ್ತಾನೆ.

ವರ್ಚುವಲ್ ರಿಯಾಲಿಟಿಯ ಹೆಡ್‌ಸೆಟ್ ಇನ್ನೂ ಮುಂದೆ ಹೋಗುತ್ತದೆ. ಕತ್ತು ಹೊರಳಿದಂತೆ ದೃಶ್ಯ ಹೊರಳುತ್ತದೆ. ಕನ್ನಡಿಯಲ್ಲಿ ಕಾಣುವ ಬೇರೊಬ್ಬರ ಮೈ ನಮ್ಮ ಕೈಕಾಲಿನ ಜೊತೆಗೇ ಆಡುತ್ತದೆ. ಬಾರ್ಸಿಲೋನಾದ ಸಂಶೋಧಕರು ಮನೆಯ ಹೆಣ್ಣಿನ ಮೇಲೆ ಕೈಮಾಡಿ ಶಿಕ್ಷೆಗೊಳಗಾದ ಗಂಡಸರನ್ನು ಹೀಗೆ ಹೆಣ್ಣಿನ ಮೈಯಲ್ಲಿ ನಿಲ್ಲಿಸಿದರು. ಎದುರಿಗೆ ಗಂಡಸೊಬ್ಬ ಬೈಯುತ್ತ ಮೈಮೇಲೇರಿ ಬರುತ್ತಾನೆ. ಆ ಅನುಭವದ ನಂತರ ಹೆಂಗಸರ ಮುಖದಲ್ಲಿನ ಭಯ ಅವರಿಗೆ ಮೊದಲಿಗಿಂತ ಚೆನ್ನಾಗಿ ಗುರುತು ಸಿಕ್ಕಿತೆಂದು 2018ರ ವರದಿ ಹೇಳುತ್ತದೆ.

ಸೈನಿಕ ತರಬೇತಿಗೆ ಇದು ಬರಬೇಕು. ನಡುರಾತ್ರಿ ತಪಾಸಣೆಗೆ ಬಾಗಿಲು ತಟ್ಟುವ ಯೋಧ, ಒಳಗಿರುವ ತಾಯಿಯ ಕಣ್ಣಿಗೆ ಆ ಟಾರ್ಚಿನ ಬೆಳಕು ಹೇಗೆ ಬೀಳುತ್ತದೆಂದು ಒಮ್ಮೆ ನೋಡಬೇಕು. ಆದರೆ ಹತ್ತು ನಿಮಿಷ ನೋಡಿ 'ಎಲ್ಲ ಗೊತ್ತಾಯಿತು' ಎಂದುಕೊಂಡರೆ ಅಪಾಯ. ಅವಳು ಕಳೆದ ಹತ್ತು ವರ್ಷ ಹೆಡ್‌ಸೆಟ್ಟಿನಲ್ಲಿಲ್ಲ.

ಎದುರಿನವರನ್ನು ಅರಿಯಲು ಮಡಿಕೇರಿಯ ಜನರಲ್ ತಿಮ್ಮಯ್ಯನವರಿಗೆ ಇಂಥ ಯಾವ ಯಂತ್ರವೂ ಇರಲಿಲ್ಲ. 1953ರಲ್ಲಿ ಕೊರಿಯಾದಲ್ಲಿ, ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧ ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಕೈದಿಗಳು ಭಾರತದ ಮೇಜರೊಬ್ಬರನ್ನು ಹಿಡಿದಿಟ್ಟುಕೊಂಡರು. ಕೈದಿಗಳನ್ನು ಕಾಯುತ್ತಿದ್ದ ಭಾರತೀಯ ಪಡೆಯ ಮುಖ್ಯಸ್ಥ ಥೋರಟ್ ಒಂದು ಗುಂಡೂ ಹಾರಿಸದೆ, ಕೈದಿಗಳ ನಡುವೆ ಹೋಗಿ ಮಾತಾಡಿ, ಆ ಮೇಜರನ್ನು ಬಿಡಿಸಿಕೊಂಡು ಬಂದರು.

ಎದುರಾಳಿಯ ಜಾಗದಲ್ಲಿ ಕೂರುವ ಇಂಥ ಅಭ್ಯಾಸ ಯಕ್ಷಗಾನದ ಊರಾದ ಸಾಲಿಗ್ರಾಮಕ್ಕೆ ಹೊಸತಲ್ಲ. ವೇಷ, ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಲೆಯಲ್ಲಿ ವಾಲಿಯ ಅರ್ಥಧಾರಿ, ಮರದ ಮರೆಯಿಂದ ಬಾಣ ಬಿಟ್ಟದ್ದೇಕೆಂದು ರಾಮನನ್ನು ಕೇಳುವಾಗ ಸಭೆ ವಾಲಿಯ ಕಡೆಗೆ ವಾಲುತ್ತದೆ. ಇನ್ನೊಂದು ರಾತ್ರಿ ಅದೇ ಕಲಾವಿದರು ರಾಮನಾಗಿ ಉತ್ತರ ಹೇಳಬೇಕಾಗುತ್ತದೆ. ಬರೆದುಕೊಟ್ಟ ಮಾತಿಲ್ಲ, ಎದುರಿನವರ ವಾದ ಕೇಳಿಯೇ ತಮ್ಮದನ್ನು ಕಟ್ಟಬೇಕು. ಸೇನಾ ತರಬೇತಿಗೆ ಸೇರಬೇಕಾದದ್ದು ಈ ಭಾಗವೇ. ಹೆಡ್‌ಸೆಟ್ ಕಳಚಿದ ಮೇಲೆ ಯೋಧ ಆ ತಾಯಿಯ ಪರವಾಗಿ ಅರ್ಥ ಹೇಳಲಿ, ಅವನ ಅಧಿಕಾರಿ ಎದುರು ಕೂತು ಸವಾಲು ಹಾಕಲಿ.